ಉಳಿದ ಹಣದ ಲೆಕ್ಕ ಕೇಳುವವರು ಯಾರು?



ನಮ್ಮ ಶಾಲೆಯಲ್ಲಿ ಓದಿದ ಹಲವರು ಇಂದು ಅಮೆರಿಕದ ಆಸ್ಪತ್ರೆಗಳಲ್ಲಿಯೂ, ಔಷಧದ ಅಂಗಡಿಗಳಲ್ಲಿಯೂ, ಅವುಗಳ ಲೆಕ್ಕಪತ್ರಕ್ಕೆ ತಂತ್ರಾಂಶ ಬರೆಯುವ ಕಂಪನಿಗಳಲ್ಲಿಯೂ ದುಡಿಯುತ್ತಿದ್ದಾರೆ. ಅವರು ಊರಿಗೆ ಬಂದಾಗ, ಫೋನು ಮಾಡಿದಾಗ, ಒಂದು ಸಂಖ್ಯೆ ಮತ್ತೆ ಮತ್ತೆ ನನ್ನ ಕಿವಿಗೆ ಬೀಳುತ್ತದೆ: '340ಬಿ'. "ಈ ವಾರ ಆಡಿಟ್ ಇದೆ ಸಾರ್, 340ಬಿ" ಎಂದು ಒಬ್ಬರು. "ಅದು ಬಡವರ ಹೆಸರಿನಲ್ಲಿ ನಡೆಯುವ ವ್ಯಾಪಾರ" ಎಂದು ಇನ್ನೊಬ್ಬರು. "ಅದಿಲ್ಲದಿದ್ದರೆ ನಮ್ಮ ಕ್ಲಿನಿಕ್ ಬಾಗಿಲು ಹಾಕಬೇಕಾಗುತ್ತದೆ" ಎಂದು ಮತ್ತೊಬ್ಬರು. ಮೂವರೂ ನಾನು ಬಲ್ಲ ಮಕ್ಕಳೇ. ಮೂವರೂ ಸುಳ್ಳು ಹೇಳುವವರಲ್ಲ. ಒಂದೇ ವಸ್ತುವನ್ನು ಕುರಿತು ಮೂವರು ಪ್ರಾಮಾಣಿಕರು ಮೂರು ಬಗೆಯಾಗಿ ಹೇಳುತ್ತಾರೆಂದರೆ ಆ ವಸ್ತುವಿನ ಯಾವುದೋ ಭಾಗ ಕತ್ತಲೆಯಲ್ಲಿದೆ ಎಂದೇ ಅರ್ಥ. ಅದು ಯಾವ ಭಾಗ ಎಂಬುದನ್ನು ಹೇಳಲು ಈ ಲೇಖನ.

ಮೊದಲು ಇದು ಹುಟ್ಟಿದ ಬಗೆ. ಅಮೆರಿಕದಲ್ಲಿ ಬಡವರಿಗಾಗಿ ಸರ್ಕಾರ ನಡೆಸುವ ಆರೋಗ್ಯ ವಿಮೆಗೆ ಮೆಡಿಕೇಡ್ ಎಂದು ಹೆಸರು. ಔಷಧ ಕಂಪನಿಗಳು ತಮ್ಮ ಅತಿ ಕಡಿಮೆ ಬೆಲೆಯ ಲಾಭವನ್ನು ಮೆಡಿಕೇಡ್‌ಗೂ ಕೊಡಬೇಕೆಂದು 1990ರಲ್ಲಿ ಕಾನೂನಾಯಿತು. ಉದ್ದೇಶ ಒಳ್ಳೆಯದೇ. ಆದರೆ ಅದುವರೆಗೆ ಬಡವರ ಆಸ್ಪತ್ರೆಗಳಿಗೆ ತಾವಾಗಿಯೇ ಕಡಿಮೆ ಬೆಲೆಗೆ ಔಷಧ ಕೊಡುತ್ತಿದ್ದ ಕಂಪನಿಗಳು, "ಇವರಿಗೆ ಕೊಟ್ಟ ರಿಯಾಯಿತಿಯನ್ನು ಇಡೀ ಮೆಡಿಕೇಡ್‌ಗೆ ಕೊಡಬೇಕಾಗುತ್ತದೆ" ಎಂದು ಆ ರಿಯಾಯಿತಿಯನ್ನೇ ಹಿಂತೆಗೆದುಕೊಂಡವು. ಒಂದು ಕಡೆ ತೇಪೆ ಹಾಕಿದರೆ ಇನ್ನೊಂದು ಕಡೆ ಹರಿಯಿತು. ಅದನ್ನು ಸರಿಪಡಿಸಲು 1992ರ ನವೆಂಬರಿನಲ್ಲಿ, ಹಿರಿಯ ಜಾರ್ಜ್ ಬುಷ್ ಅಧ್ಯಕ್ಷರಾಗಿದ್ದಾಗ, ಸಾರ್ವಜನಿಕ ಆರೋಗ್ಯ ಸೇವಾ ಕಾಯಿದೆಗೆ 340ಬಿ ಎಂಬ ವಿಧಿಯನ್ನು ಸೇರಿಸಲಾಯಿತು. ತಮ್ಮ ಔಷಧಗಳಿಗೆ ಮೆಡಿಕೇಡ್‌ನಿಂದ ಹಣ ಬರಬೇಕಾದರೆ ಕಂಪನಿಗಳು ಬಡವರ ಆರೈಕೆ ಮಾಡುವ ನಿರ್ದಿಷ್ಟ ಸಂಸ್ಥೆಗಳಿಗೆ ಹೊರರೋಗಿಗಳ ಔಷಧವನ್ನು ಒಂದು ಮೇಲ್ಮಿತಿಗಿಂತ ಹೆಚ್ಚಿನ ಬೆಲೆಗೆ ಮಾರಕೂಡದು ಎಂಬುದೇ ಅದರ ಸಾರ.

ಈ ಸಂಸ್ಥೆಗಳು ಎರಡು ಬಗೆ. ಮೊದಲನೆಯದು ಕೇಂದ್ರ ಸರ್ಕಾರದ ಅನುದಾನ ಪಡೆಯುವ ಚಿಕ್ಕ ಚಿಕ್ಕ ಆರೋಗ್ಯ ಕೇಂದ್ರಗಳು, ಎಚ್‌ಐವಿ ಪೀಡಿತರ ಚಿಕಿತ್ಸಾಲಯಗಳು, ಕ್ಷಯರೋಗದ ಕ್ಲಿನಿಕ್‌ಗಳು, ಹಿಮೋಫಿಲಿಯಾ ಕೇಂದ್ರಗಳು ಇತ್ಯಾದಿ. ಎರಡನೆಯದು, ಬಡ ರೋಗಿಗಳ ಪ್ರಮಾಣ ಹೆಚ್ಚಾಗಿರುವ ಆಸ್ಪತ್ರೆಗಳು. 2010ರ ಆರೋಗ್ಯ ಸುಧಾರಣಾ ಕಾನೂನು ಹಳ್ಳಿಗಾಡಿನ ಸಣ್ಣ ಆಸ್ಪತ್ರೆಗಳನ್ನೂ ಕೆಲವು ಕ್ಯಾನ್ಸರ್ ಆಸ್ಪತ್ರೆಗಳನ್ನೂ ಇದಕ್ಕೆ ಸೇರಿಸಿತು. ಈ ಎರಡು ಬಗೆಗಳ ಭೇದವನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ಕಪ್ಪುಹಲಗೆಯ ಮೇಲೆ ಒಂದು ಚಿಕ್ಕ ಲೆಕ್ಕ ಮಾಡೋಣ. ಒಂದು ಬ್ರಾಂಡ್ ಔಷಧದ ಸರಾಸರಿ ತಯಾರಕ ಬೆಲೆ 100 ಡಾಲರ್ ಎಂದಿಟ್ಟುಕೊಳ್ಳಿ. ಸಾಮಾನ್ಯವಾಗಿ ಇಂತಹ ಔಷಧಕ್ಕೆ ಕನಿಷ್ಠ ರಿಯಾಯಿತಿ ಶೇ. 23.1. ಆದ್ದರಿಂದ ಕ್ಲಿನಿಕ್‌ಗೆ ಅದು 76 ಡಾಲರ್ 90 ಸೆಂಟಿಗೆ ಸಿಗುತ್ತದೆ. ಕಂಪನಿ ತನ್ನ ಬೆಲೆಯನ್ನು ಸಾಮಾನ್ಯ ಬೆಲೆಯೇರಿಕೆಗಿಂತ ವೇಗವಾಗಿ ಏರಿಸಿದ್ದರೆ ರಿಯಾಯಿತಿ ಇನ್ನೂ ದೊಡ್ಡದಾಗುತ್ತದೆ. ಕೆಲವು ಇನ್ಸುಲಿನ್‌ಗಳ ಬೆಲೆ ಈ ಸೂತ್ರದ ಪ್ರಕಾರ ಒಂದು ಸೆಂಟಿಗೆ ಇಳಿದದ್ದೂ ಉಂಟು. ಇಷ್ಟು ಕಡಿಮೆಗೆ ಕೊಂಡ ಔಷಧವನ್ನು ಖಾಸಗಿ ವಿಮೆಯುಳ್ಳ ರೋಗಿಗೆ ಕೊಟ್ಟಾಗ ವಿಮಾ ಕಂಪನಿ ಎಂದಿನ ದರವನ್ನೇ, ನಮ್ಮ ಲೆಕ್ಕದಲ್ಲಿ 100 ಡಾಲರ್ ಎನ್ನೋಣ, ಪಾವತಿ ಮಾಡುತ್ತದೆ. ನಡುವೆ ಉಳಿದ 23 ಡಾಲರ್ 10 ಸೆಂಟು ಸಂಸ್ಥೆಯದು. ಇದು ಕಳ್ಳತನವಲ್ಲ, ಕಾನೂನು ಒಪ್ಪಿರುವ ಕ್ರಮವೇ. ಆ ಉಳಿತಾಯದಿಂದ ಇನ್ನಷ್ಟು ಬಡವರಿಗೆ ಇನ್ನಷ್ಟು ಸೇವೆ ದೊರೆಯಲಿ ಎಂಬುದು 1992ರ ಶಾಸನಕರ್ತರ ಆಶಯವಾಗಿತ್ತು.

ಆಶಯವೆಂದೆ, ನಿಯಮವೆನ್ನಲಿಲ್ಲ. ಗಮನಿಸಿ.

ಕಾನೂನಿನಲ್ಲಿ ಸ್ಪಷ್ಟವಾಗಿ ಬರೆದಿರುವ ಮುಖ್ಯ ನಿಷೇಧಗಳು ಎರಡು. ಒಂದು, ಈ ಅಗ್ಗದ ಔಷಧವನ್ನು ತನ್ನ ರೋಗಿಯಲ್ಲದವರಿಗೆ ಕೊಡಕೂಡದು. ಎರಡು, ಒಂದೇ ಔಷಧದ ಮೇಲೆ ಎರಡು ಸಲ ರಿಯಾಯಿತಿ ಬೀಳಕೂಡದು; ಅಂದರೆ ಕ್ಲಿನಿಕ್‌ಗೆ ಅಗ್ಗದ ಬೆಲೆಯನ್ನೂ ಕೊಟ್ಟು, ಅದೇ ಮಾತ್ರೆಗೆ ಮೆಡಿಕೇಡ್‌ಗೆ ಮರುಪಾವತಿಯನ್ನೂ ಕಂಪನಿಯಿಂದ ವಸೂಲು ಮಾಡಬಾರದು. ಇವನ್ನು ನೋಡಿಕೊಳ್ಳುವ ಹೊಣೆ ಆರೋಗ್ಯ ಇಲಾಖೆಯ ಅಂಗವಾದ 'ಹರ್ಸಾ' ಎಂಬ ಕಚೇರಿಯದು. ಸುಮಾರು 20 ವರ್ಷ ಕಾಲ ಈ ಕಚೇರಿ ಮಾಡಿದ್ದು ಹೆಚ್ಚಾಗಿ ನಂಬಿಕೆಯ ಮೇಲಿನ ಆಡಳಿತ. ನಿಯಮ ಪಾಲಿಸುತ್ತಿದ್ದೇವೆ ಎಂದು ಸಂಸ್ಥೆಗಳೂ ಕಂಪನಿಗಳೂ ಹೇಳಿದರೆ ಸಾಕಿತ್ತು. 2011ರಲ್ಲಿ ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧಕ ಸಂಸ್ಥೆಯಾದ ಜಿ.ಎ.ಒ., ಈ ಮೇಲ್ವಿಚಾರಣೆ ಸಾಲದು, ಆಯ್ದ ಸಂಸ್ಥೆಗಳ ತಪಾಸಣೆಯಾದರೂ ಆಗಬೇಕು ಎಂದು ವರದಿ ಕೊಟ್ಟಿತು. 2012ರಲ್ಲಿ ತಪಾಸಣೆ ಆರಂಭವಾಗಿ, ಮುಂದೆ ವರ್ಷಕ್ಕೆ 200ರ ಪ್ರಮಾಣಕ್ಕೆ ಬಂತು. 2019ರವರೆಗೆ ನಡೆದ 1,200ಕ್ಕೂ ಹೆಚ್ಚು ತಪಾಸಣೆಗಳಲ್ಲಿ ಕಂಡುಬಂದ ಲೋಪಗಳು 1,500ಕ್ಕೂ ಹೆಚ್ಚು. ಅಂದರೆ ಸರಾಸರಿ ಒಂದು ತಪಾಸಣೆಗೆ ಒಂದಕ್ಕಿಂತ ಹೆಚ್ಚು. 2020ರಲ್ಲಿ ಯೋಜನೆಯಲ್ಲಿದ್ದ ಸಂಸ್ಥೆಗಳು ಸುಮಾರು 12,700. ವರ್ಷಕ್ಕೆ 200 ಎಂದರೆ ಶೇ. 2ಕ್ಕಿಂತ ಕಡಿಮೆ.

ಇದನ್ನು ಓದಿ ಆಸ್ಪತ್ರೆಗಳೆಲ್ಲ ಮೋಸಗಾರರು ಎಂದು ತಿಳಿಯಬೇಡಿ. ಲೋಪಗಳಲ್ಲಿ ದಾಖಲೆ ಸರಿಯಿಲ್ಲದಿರುವುದು, ನೋಂದಣಿಯ ವಿವರ ಹಳೆಯದಾಗಿರುವುದು ಮುಂತಾದವೂ ಸೇರಿವೆ. ಅದಕ್ಕಿಂತ ಮುಖ್ಯವಾಗಿ, ನಿಯಮವೇ ಮಸುಕಾಗಿದೆ. 'ತನ್ನ ರೋಗಿ' ಎಂದರೆ ಯಾರು? ಕಾನೂನು ಹೇಳುವುದಿಲ್ಲ. 1996ರ ಒಂದು ಮಾರ್ಗಸೂಚಿ ಹೇಳುತ್ತದೆ. ಆದರೆ ಮಾರ್ಗಸೂಚಿ ಕಾನೂನಲ್ಲ. ದಕ್ಷಿಣ ಕ್ಯಾರೊಲಿನಾದ ಒಂದು ಆರೋಗ್ಯ ಕೇಂದ್ರದಲ್ಲಿ ಹರ್ಸಾ ತಪ್ಪು ಕಂಡುಹಿಡಿದಾಗ ಆ ಕೇಂದ್ರ ನ್ಯಾಯಾಲಯಕ್ಕೆ ಹೋಯಿತು. 2023ರ ನವೆಂಬರಿನಲ್ಲಿ ನ್ಯಾಯಾಧೀಶರು, ಹರ್ಸಾ ಆ ಪದಕ್ಕೆ ಕೊಟ್ಟ ಸಂಕುಚಿತ ಅರ್ಥ ಕಾನೂನಿಗೆ ಒಪ್ಪುವುದಿಲ್ಲ ಎಂದರು. 2014ರಲ್ಲಿಯೇ ಇನ್ನೊಂದು ನ್ಯಾಯಾಲಯ, ಈ ಯೋಜನೆಯಲ್ಲಿ ಹರ್ಸಾಗೆ ನಿಯಮ ರೂಪಿಸುವ ಅಧಿಕಾರ ಕೆಲವೇ ವಿಷಯಗಳಿಗೆ ಸೀಮಿತ ಎಂದು ಹೇಳಿತ್ತು. 2015ರಲ್ಲಿ ಪ್ರಕಟಿಸಿದ ವಿಸ್ತಾರವಾದ ಮಾರ್ಗಸೂಚಿಯ ಕರಡನ್ನು 2017ರ ಆರಂಭದಲ್ಲಿ ಹಿಂದಕ್ಕೆ ಪಡೆಯಲಾಯಿತು. ಪ್ರಶ್ನೆಪತ್ರಿಕೆಯಲ್ಲಿ ಏನಿರಬೇಕೆಂದು ನಿರ್ಧರಿಸುವ ಅಧಿಕಾರವಿಲ್ಲದ ಮೇಷ್ಟರಿಗೆ ಉತ್ತರಪತ್ರಿಕೆ ತಿದ್ದುವ ಕೆಲಸ ಮಾತ್ರ ಒಪ್ಪಿಸಿದಂತೆ.

ಇನ್ನು ನಾಣ್ಯದ ಮತ್ತೊಂದು ಮುಖ. ಔಷಧ ಕಂಪನಿಗಳು ಈಚೆಗೆ ಈ ಯೋಜನೆಯ ದುರುಪಯೋಗದ ಬಗ್ಗೆ ಬಹಳ ಮಾತನಾಡುತ್ತಿವೆ. ಅವರ ಕಡೆಯ ಲೆಕ್ಕ ನೋಡಿ. 2005ರ ಜೂನ್ ತಿಂಗಳೊಂದರಲ್ಲಿಯೇ ಈ ಸಂಸ್ಥೆಗಳ ಖರೀದಿಗಳಲ್ಲಿ ಶೇ. 14ರಷ್ಟು ಮೇಲ್ಮಿತಿ ಮೀರಿದ ಬೆಲೆಗೆ ನಡೆದಿದ್ದವು, ಸಂಸ್ಥೆಗಳು 39 ಲಕ್ಷ ಡಾಲರ್ ಹೆಚ್ಚಿಗೆ ತೆತ್ತಿದ್ದವು ಎಂದು ಆರೋಗ್ಯ ಇಲಾಖೆಯ ಪ್ರಧಾನ ತನಿಖಾಧಿಕಾರಿಯ ಕಚೇರಿ 2006ರಲ್ಲಿ ವರದಿ ಮಾಡಿತು. ಹೆಚ್ಚು ತೆತ್ತಿದ್ದೇವೆಂದು ಕ್ಲಿನಿಕ್‌ಗಳಿಗೆ ತಿಳಿಯಲಿಲ್ಲವೇ? ತಿಳಿಯುವ ದಾರಿಯೇ ಇರಲಿಲ್ಲ! ಬೆಲೆಯ ಸೂತ್ರಕ್ಕೆ ಬೇಕಾದ ಅಂಕಿಗಳು ಗೋಪ್ಯವಾಗಿದ್ದವು. ಮೇಲ್ಮಿತಿ ಬೆಲೆ ಎಷ್ಟೆಂದು ಸಂಸ್ಥೆಗಳು ಸರ್ಕಾರಿ ಜಾಲತಾಣದಲ್ಲಿ ನೋಡಿಕೊಳ್ಳಲು ಅವಕಾಶವಾದದ್ದು 2019ರ ಏಪ್ರಿಲಿನಲ್ಲಿ. ಕಾನೂನು ಬಂದದ್ದು 1992ರಲ್ಲಿ. ತನಗೆ ಸಲ್ಲಬೇಕಾದ ಬೆಲೆ ಎಷ್ಟೆಂಬುದೇ 26 ವರ್ಷಗಳಿಗೂ ಹೆಚ್ಚು ಕಾಲ ಕೊಳ್ಳುವವನಿಗೆ ಗೊತ್ತಿರಲಿಲ್ಲ! ಬೇಕೆಂದೇ ಹೆಚ್ಚು ಬೆಲೆ ವಸೂಲು ಮಾಡುವ ಕಂಪನಿಗೆ ದಂಡ ಹಾಕುವ ನಿಯಮ ಜಾರಿಯಾದದ್ದು ಕೂಡ 2019ರ ಜನವರಿಯಲ್ಲಿ. ಅದಕ್ಕೆ ಅಧಿಕಾರ ಕೊಟ್ಟ ಕಾನೂನು 2010ರದು. ಇದರ ನಡುವೆ 2011ರಲ್ಲಿ ಸುಪ್ರೀಂ ಕೋರ್ಟು, ಹೆಚ್ಚು ಬೆಲೆ ತೆತ್ತ ಸಂಸ್ಥೆಗಳು ಕಂಪನಿಗಳ ಮೇಲೆ ತಾವೇ ನೇರವಾಗಿ ದಾವೆ ಹೂಡುವಂತಿಲ್ಲ, ಅದನ್ನು ಸರ್ಕಾರವೇ ನೋಡಿಕೊಳ್ಳಬೇಕು ಎಂದು ತೀರ್ಪಿತ್ತಿತು. ನೋಡಿಕೊಳ್ಳಬೇಕಾದ ಸರ್ಕಾರ ವರ್ಷಕ್ಕೆ ತಪಾಸಣೆ ಮಾಡುವ ಕಂಪನಿಗಳ ಸಂಖ್ಯೆಯೋ, ಬೆರಳೆಣಿಕೆಯದು.

ಹೀಗಾಗಿ ಲೋಪ ಎರಡೂ ಕಡೆ ಇದೆ. ಆದರೆ ನನ್ನನ್ನು ಹೆಚ್ಚು ಕಾಡುವುದು ಇವೆರಡೂ ಅಲ್ಲ, ಮೂರನೆಯದು.

ಔಷಧ ಅಂಗಡಿಯ ಕಟ್ಟೆಯ ಬಳಿ ನಿಂತಿರುವ ರೋಗಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಕ್ಲಿನಿಕ್‌ಗೆ ಸ್ವಂತ ಔಷಧಾಲಯವಿಲ್ಲದಿದ್ದರೆ ಹೊರಗಿನ ಒಂದು ಅಂಗಡಿಯೊಡನೆ ಒಪ್ಪಂದ ಮಾಡಿಕೊಳ್ಳಬಹುದೆಂದು 1996ರಲ್ಲಿ ಹೇಳಲಾಯಿತು. 2010ರಲ್ಲಿ ಅಂಗಡಿಗಳ ಸಂಖ್ಯೆಗಿದ್ದ ಮಿತಿಯನ್ನು ತೆಗೆಯಲಾಯಿತು. ಆ ವರ್ಷ ಸುಮಾರು 1,300 ಇದ್ದ ಒಪ್ಪಂದದ ಅಂಗಡಿಗಳು 2017ಕ್ಕೆ 20,000ದ ಹತ್ತಿರ ಬಂದವು. ಇಲ್ಲಿ ಕೆಲಸ ನಡೆಯುವ ರೀತಿ ಸ್ವಾರಸ್ಯವಾಗಿದೆ. ಬಹಳ ಕಡೆ ಅಂಗಡಿಯವರು ಮೊದಲು ತಮ್ಮ ಸ್ವಂತ ದಾಸ್ತಾನಿನಿಂದ ಎಲ್ಲರಿಗೂ ಔಷಧ ಕೊಟ್ಟುಬಿಡುತ್ತಾರೆ. ಅನಂತರ ಕಂಪ್ಯೂಟರು ಹಳೆಯ ಚೀಟಿಗಳನ್ನೆಲ್ಲ ಜಾಲಾಡಿ, ಇವುಗಳಲ್ಲಿ 340ಬಿಗೆ ಅರ್ಹವಾದವು ಯಾವುವು ಎಂದು ಆರಿಸುತ್ತದೆ. ಅಷ್ಟು ಔಷಧವನ್ನು ಅಗ್ಗದ ಬೆಲೆಗೆ ತರಿಸಿ ಅಂಗಡಿಯ ಕಪಾಟು ತುಂಬಿಸುತ್ತಾರೆ. ಲಾಭದಲ್ಲಿ ಅಂಗಡಿಗೂ ತಂತ್ರಾಂಶದ ಕಂಪನಿಗೂ ಪಾಲು. ಎಲ್ಲವೂ ಕ್ರಮಬದ್ಧ. ಆದರೆ ವಿಮೆಯಿಲ್ಲದ ಬಡವ ಹಣ ತೆತ್ತು ಮನೆಗೆ ಹೋದ ಮೇಲೆ ಅವನ ಚೀಟಿ ರಿಯಾಯಿತಿಗೆ ಅರ್ಹವೆಂದು ತಿಳಿದರೆ ಅವನಿಗೇನು ಬಂತು? ಜಿ.ಎ.ಒ. 2018ರ ವರದಿಗಾಗಿ ವಿಚಾರಿಸಿದ 55 ಸಂಸ್ಥೆಗಳಲ್ಲಿ 30 ಮಾತ್ರ ತಮ್ಮ ವಿಮೆಯಿಲ್ಲದ ಬಡ ರೋಗಿಗಳಿಗೆ ಒಪ್ಪಂದದ ಅಂಗಡಿಗಳಲ್ಲಿ ರಿಯಾಯಿತಿ ಕೊಡುತ್ತಿರುವುದಾಗಿ ಹೇಳಿದವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ನಮ್ಮ ಗಾದೆಗೆ ಅಮೆರಿಕದಲ್ಲಿಯೂ ಕೆಲಸವಿದೆ.

ಉಳಿದ ಸಂಸ್ಥೆಗಳು ಕಾನೂನು ಮುರಿದವೇ? ಇಲ್ಲ! ಉಳಿತಾಯವನ್ನು ರೋಗಿಗೆ ದಾಟಿಸಬೇಕೆಂದು 340ಬಿ ವಿಧಿ ಹೇಳುವುದೇ ಇಲ್ಲ. ಉಳಿದ ಹಣ ಎಷ್ಟು, ಅದು ಎಲ್ಲಿ ಹೋಯಿತು ಎಂದು ವರದಿ ಮಾಡಬೇಕೆಂದೂ ಹೇಳುವುದಿಲ್ಲ. ಮೇಲೆ ಹೇಳಿದ ಎರಡು ಬಗೆಗಳ ಭೇದ ಇಲ್ಲಿ ಮುಖ್ಯ. ಅನುದಾನದ ಆರೋಗ್ಯ ಕೇಂದ್ರಗಳೂ ಎಚ್‌ಐವಿ ಚಿಕಿತ್ಸಾಲಯಗಳೂ ತಮ್ಮ ಅನುದಾನದ ಷರತ್ತಿನಂತೆ ಇಂತಹ ಆದಾಯವನ್ನು ಅದೇ ಸೇವೆಗೆ ಬಳಸಬೇಕು. ದೊಡ್ಡ ಆಸ್ಪತ್ರೆಗಳಿಗೆ ಆ ಕಟ್ಟುಪಾಡಿಲ್ಲ. ಅದರ ಮೇಲೆ, ಬಹುಪಾಲು ಆಸ್ಪತ್ರೆಗಳ ಅರ್ಹತೆಯನ್ನು ಅಳೆಯುವುದು ಒಳರೋಗಿಗಳಲ್ಲಿ ಬಡವರೆಷ್ಟು ಎಂಬುದರಿಂದ. ರಿಯಾಯಿತಿ ಸಿಗುವುದು ಹೊರರೋಗಿಗಳ ಔಷಧಕ್ಕೆ. ಆ ಹೊರರೋಗಿ ಕ್ಲಿನಿಕ್ ಸಿರಿವಂತರ ಬಡಾವಣೆಯಲ್ಲಿದ್ದರೂ ಆಗುತ್ತದೆ. ವರ್ಜೀನಿಯಾದ ರಿಚ್ಮಂಡ್ ನಗರದಲ್ಲಿ ಕಪ್ಪು ಜನರ ಬಡ ಬಡಾವಣೆಯೊಂದರ ಆಸ್ಪತ್ರೆಯ ಅರ್ಹತೆಯಿಂದ ಅದರ ಒಡೆಯ ಸಂಸ್ಥೆಗೆ ದೊಡ್ಡ ಆದಾಯ ಬರುತ್ತಿದ್ದರೂ ಆ ಆಸ್ಪತ್ರೆಯಲ್ಲಿಯೇ ಸೌಲಭ್ಯಗಳು ಕುಗ್ಗಿದವೆಂದು ನ್ಯೂಯಾರ್ಕ್ ಟೈಮ್ಸ್ 2022ರ ಸೆಪ್ಟೆಂಬರಿನಲ್ಲಿ ವಿಸ್ತಾರವಾಗಿ ಬರೆಯಿತು. ಸಂಸ್ಥೆ ಆ ಆರೋಪವನ್ನು ಒಪ್ಪಲಿಲ್ಲ. ಯಾರ ಮಾತು ಸರಿ ಎಂದು ಹೊರಗಿನವರು ತೀರ್ಮಾನಿಸುವುದು ಹೇಗೆ? ಲೆಕ್ಕ ಬಹಿರಂಗವಾಗಿದ್ದರೆ ತಾನೇ?

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ದಿನಗಳಲ್ಲಿ ವರ್ಷಕ್ಕೊಮ್ಮೆ ತಪಾಸಣೆಗೆ ಬರುತ್ತಿದ್ದರು. ಪ್ರಯೋಗಾಲಯದ ಸ್ಟಾಕ್ ರಿಜಿಸ್ಟರ್ ತೆರೆದು, ಕೊಂಡ ಪ್ರನಾಳಗಳೆಷ್ಟು, ಒಡೆದವೆಷ್ಟು, ಉಳಿದವೆಷ್ಟು, ರಸೀತಿ ಇದೆಯೇ, ಮುಖ್ಯೋಪಾಧ್ಯಾಯರ ಸಹಿ ಇದೆಯೇ ಎಂದು ಒಂದೊಂದಾಗಿ ಟಿಕ್ ಹಾಕುತ್ತಿದ್ದರು. ಈ ವರ್ಷ ಎಷ್ಟು ಮಕ್ಕಳು ಆ ಪ್ರನಾಳವನ್ನು ಕೈಯಲ್ಲಿ ಹಿಡಿದರು ಎಂದು ಕೇಳಿದವರನ್ನು ನಾನು ಕಾಣಲಿಲ್ಲ. ಪ್ರನಾಳಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ ಶಾಲೆಗೆ ಒಡೆದ ಸಾಮಾನಿಲ್ಲ, ಆದ್ದರಿಂದ ಶಹಬ್ಬಾಸ್. ಮಕ್ಕಳ ಕೈಗೆ ಕೊಟ್ಟ ಶಾಲೆಗೆ ವಿವರಣೆ ಕೇಳುವ ಪತ್ರ. 340ಬಿ ತಪಾಸಣೆಯ ಬಗ್ಗೆ ಓದುವಾಗ ನನಗೆ ಆ ರಿಜಿಸ್ಟರಿನ ನೆನಪಾಗುತ್ತದೆ. ಖರೀದಿ ಸರಿಯೇ ಎಂಬುದನ್ನು ಅವರು ಮಾತ್ರೆ ಮಾತ್ರೆಗೂ ನೋಡುತ್ತಾರೆ. ಖರೀದಿಯ ಫಲ ಯಾರಿಗೆ ಮುಟ್ಟಿತು ಎಂದು ಕೇಳುವ ಅಂಕಣವೇ ಆ ಪುಸ್ತಕದಲ್ಲಿಲ್ಲ. 2023ರಲ್ಲಿ ಈ ಯೋಜನೆಯಡಿ ನಡೆದ ಖರೀದಿ 6,630 ಕೋಟಿ ಡಾಲರ್. ಅಷ್ಟು ದೊಡ್ಡ ಪುಸ್ತಕದಲ್ಲಿ ಆ ಒಂದು ಅಂಕಣವಿಲ್ಲ.

ಅಂಥ ಲೆಕ್ಕ ಇಡುವುದು ಅಸಾಧ್ಯ ಎನ್ನುವವರಿಗೆ ಮಿನ್ನೆಸೋಟ ರಾಜ್ಯ ಉತ್ತರ ಕೊಟ್ಟಿದೆ. ಅಲ್ಲಿನ ಆರೋಗ್ಯ ಇಲಾಖೆ ಈ ಸಂಸ್ಥೆಗಳಿಂದ ಕಡ್ಡಾಯವಾಗಿ ವರದಿ ತರಿಸಿಕೊಂಡು 2024ರ ನವೆಂಬರಿನಲ್ಲಿ ಪ್ರಕಟಿಸಿತು. 2023ರಲ್ಲಿ ಆ ಒಂದು ರಾಜ್ಯದ ಸಂಸ್ಥೆಗಳಿಗೆ ಈ ಯೋಜನೆಯಿಂದ ದೊರೆತ ನಿವ್ವಳ ಆದಾಯ ಕನಿಷ್ಠ 63 ಕೋಟಿ ಡಾಲರ್. ಅದರಲ್ಲಿ ಶೇ. 80ರಷ್ಟು ಹೋದದ್ದು ಶೇ. 13ರಷ್ಟು ಸಂಸ್ಥೆಗಳಿಗೆ, ಅಂದರೆ ಅತಿ ದೊಡ್ಡ ಆಸ್ಪತ್ರೆಗಳಿಗೆ. ಒಟ್ಟು ಆದಾಯದ ಪ್ರತಿ 100 ಡಾಲರಿನಲ್ಲಿ ಸುಮಾರು 16 ಡಾಲರ್ ಒಪ್ಪಂದದ ಅಂಗಡಿಗಳಿಗೂ ನಿರ್ವಹಣಾ ಕಂಪನಿಗಳಿಗೂ ಸಂದಿತ್ತು. ಇದರಿಂದ ಆಕಾಶವೇನೂ ಕಳಚಿ ಬೀಳಲಿಲ್ಲ. ಜನಕ್ಕೆ ತಿಳಿಯಬೇಕಾದದ್ದು ತಿಳಿಯಿತು, ಅಷ್ಟೆ.

ಇನ್ನು ಎದುರುವಾದಗಳು. ಆಸ್ಪತ್ರೆಗಳ ಪರವಾಗಿ ಮಾತನಾಡುವವರು, ಲೆಕ್ಕ ಕೇಳುವುದು ಯೋಜನೆಯನ್ನು ಕತ್ತರಿಸುವ ಮೊದಲ ಹೆಜ್ಜೆ ಎಂದು ಅಂಜುತ್ತಾರೆ. ಈ ಅಂಜಿಕೆಗೆ ಕಾರಣವಿದೆ. 2018ರಲ್ಲಿ ಸರ್ಕಾರ ಈ ಔಷಧಗಳಿಗೆ ವೃದ್ಧರ ವಿಮೆಯಾದ ಮೆಡಿಕೇರ್‌ನಿಂದ ಕೊಡುವ ಹಣವನ್ನು ತೀವ್ರವಾಗಿ ಇಳಿಸಿತು. ಅದು ಕಾನೂನುಬಾಹಿರವೆಂದು ಸುಪ್ರೀಂ ಕೋರ್ಟು 2022ರ ಜೂನಿನಲ್ಲಿ ಒಮ್ಮತದಿಂದ ಹೇಳಬೇಕಾಯಿತು. 2020ರಿಂದ ಕಂಪನಿಗಳು ಒಪ್ಪಂದದ ಅಂಗಡಿಗಳಿಗೆ ತಾವೇ ಮಿತಿ ಹಾಕತೊಡಗಿದವು. 2023 ಮತ್ತು 2024ರಲ್ಲಿ ಎರಡು ಮೇಲ್ಮನವಿ ನ್ಯಾಯಾಲಯಗಳು ಅವರ ಪರವಾಗಿ ತೀರ್ಪಿತ್ತವು. ಅದೇ 2024ರಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯ ಅಂತಹ ಮಿತಿಯನ್ನು ತಡೆಯುವ ಆರ್ಕನ್ಸಾ ರಾಜ್ಯದ ಕಾನೂನನ್ನು ಎತ್ತಿಹಿಡಿಯಿತು. ಮೊದಲು ಪೂರ್ತಿ ಬೆಲೆ ಕೊಡಿ, ಅನಂತರ ರಿಯಾಯಿತಿಯನ್ನು ಮರಳಿಸುತ್ತೇವೆ ಎಂಬ ಪ್ರಾಯೋಗಿಕ ಪದ್ಧತಿಯನ್ನು ಕೆಲವು ಔಷಧಗಳಿಗೆ ತರುವುದಾಗಿ ಹರ್ಸಾ 2025ರ ಜುಲೈನಲ್ಲಿ ಘೋಷಿಸಿತು. ಡಿಸೆಂಬರಿನ ಕೊನೆಯಲ್ಲಿ ನ್ಯಾಯಾಲಯ ಅದಕ್ಕೆ ತಡೆ ಕೊಟ್ಟಿತು. ತಿಂಗಳ ಸಂಬಳಕ್ಕೇ ಹೆಣಗಾಡುವ ಹಳ್ಳಿಯ ಕ್ಲಿನಿಕ್ ಮೊದಲು ಪೂರ್ತಿ ಹಣ ಎಲ್ಲಿಂದ ಹೊಂದಿಸಬೇಕು ಎಂಬ ಪ್ರಶ್ನೆ ಸಣ್ಣದಲ್ಲ.

ಆದರೆ ಈ ಇತಿಹಾಸದಿಂದ ನಾನು ಕಲಿಯುವ ಪಾಠವೇ ಬೇರೆ. ಲೆಕ್ಕವಿಲ್ಲದಿರುವುದು ಒಳ್ಳೆಯ ಕ್ಲಿನಿಕ್‌ಗಳನ್ನು ರಕ್ಷಿಸಿಲ್ಲ. ಎಲ್ಲಿಯೋ ಒಂದು ದೊಡ್ಡ ಆಸ್ಪತ್ರೆಯ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಅದರ ಕಳಂಕ ಕ್ಷಯರೋಗಿಗಳಿಗೆ ಉಚಿತ ಔಷಧ ಕೊಡುವ ಕೇಂದ್ರಕ್ಕೂ ಅಂಟುತ್ತದೆ. ತಾನು ಬೇರೆ ಎಂದು ತೋರಿಸಲು ಆ ಕೇಂದ್ರದ ಕೈಯಲ್ಲಿ ಇಡೀ ದೇಶ ಒಪ್ಪುವ ಒಂದು ಲೆಕ್ಕಪತ್ರ ಇರಬೇಕಲ್ಲವೇ? ಕತ್ತಲೆಯ ಲಾಭ ಯಾವಾಗಲೂ ಬಲಿಷ್ಠರಿಗೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಮೊದಲನೆಯದಾಗಿ, ಉಳಿತಾಯ ಎಷ್ಟು, ಅದು ಯಾವ ಸೇವೆಗೆ ಹೋಯಿತು, ಮಧ್ಯವರ್ತಿಗಳಿಗೆ ಎಷ್ಟು ಸಂದಿತು ಎಂಬುದನ್ನು ಪ್ರತಿ ಆಸ್ಪತ್ರೆ ವರ್ಷಕ್ಕೊಮ್ಮೆ ಪ್ರಕಟಿಸಲಿ. ಅನುದಾನಕ್ಕೆ ಈಗಾಗಲೇ ಲೆಕ್ಕ ಒಪ್ಪಿಸುತ್ತಿರುವ ಚಿಕ್ಕ ಕೇಂದ್ರಗಳ ಮೇಲೆ ಇನ್ನೊಂದು ದಫ್ತರಿನ ಹೊರೆ ಬೇಡ. ಎರಡನೆಯದಾಗಿ, ವಿಮೆಯಿಲ್ಲದ ಬಡ ರೋಗಿ ಅಂಗಡಿಯ ಕಟ್ಟೆಯ ಬಳಿ ನಿಂತಿರುವಾಗಲೇ ಅವನಿಗೆ ರಿಯಾಯಿತಿ ಸಿಗುವ ನಿಯಮವಾಗಲಿ. ಹಳೆಯ ಚೀಟಿಗಳನ್ನು ಜಾಲಾಡಬಲ್ಲ ಕಂಪ್ಯೂಟರಿಗೆ ಇದು ಕಷ್ಟವಾಗಲಾರದು. ಮೂರನೆಯದಾಗಿ, 'ರೋಗಿ' ಎಂದರೆ ಯಾರು ಎಂಬುದನ್ನು ಸಂಸತ್ತೇ ಸ್ಪಷ್ಟವಾಗಿ ಬರೆದು, ಕಂಪನಿಗಳ ತಪಾಸಣೆಯನ್ನೂ ಸಂಸ್ಥೆಗಳ ತಪಾಸಣೆಯಷ್ಟೇ ಬಿಗಿಯಾಗಿ ನಡೆಸುವ ಅಧಿಕಾರವನ್ನೂ ಸಿಬ್ಬಂದಿಯನ್ನೂ ಹರ್ಸಾಗೆ ಕೊಡಲಿ.

ಅಲ್ಲಿ ಮತ ಹಾಕದ ನನ್ನಂಥವನ ಮಾತಿಗೆ ವಾಷಿಂಗ್ಟನ್‌ನಲ್ಲಿ ಬೆಲೆಯಿಲ್ಲ, ಗೊತ್ತು. ಆದರೆ ಆ ಪುಸ್ತಕಗಳನ್ನು ತುಂಬುವ, ಆ ತಂತ್ರಾಂಶ ಬರೆಯುವ, ಆ ಕಟ್ಟೆಯ ಹಿಂದೆ ನಿಂತು ಔಷಧ ಎಣಿಸಿಕೊಡುವ ಕೈಗಳಲ್ಲಿ ನಮ್ಮ ಶಾಲೆಯ ಮಕ್ಕಳ ಕೈಗಳೂ ಇವೆ. ನಿಮ್ಮ ಆಸ್ಪತ್ರೆಯಲ್ಲಿ ವಿಮೆಯಿಲ್ಲದ ರೋಗಿಗೆ ರಿಯಾಯಿತಿ ಸಿಗುವ ವ್ಯವಸ್ಥೆ ಇದೆಯೇ, ಇದ್ದರೆ ಅದು ಆ ರೋಗಿಗೆ ಗೊತ್ತಿದೆಯೇ ಎಂದು ಮೇಲಿನವರನ್ನು ವಿನಯದಿಂದ ಕೇಳಲು ಯಾವ ಕಾನೂನೂ ಅಡ್ಡಬರುವುದಿಲ್ಲ. ಈ ವಿಷಯದಲ್ಲಿ ಒಳಗಿನ ಅನುಭವವುಳ್ಳವರು ದಯವಿಟ್ಟು ಬರೆಯಿರಿ. ನನ್ನ ವಾದ ಒಪ್ಪದವರು ಮೊದಲು ಬರೆಯಿರಿ. ತರಗತಿಯಲ್ಲಿಯೂ ನಾನು ಅವರಿಗೇ ಮೊದಲು ಅವಕಾಶ ಕೊಡುತ್ತಿದ್ದದ್ದು ನಿಮಗೆ ನೆನಪಿರಬಹುದು.